ಆಕೆ ಮುಗಿಲಾಯಿ, ನಾನು ಕುರಿ

ಟಿ.ವಿ.ಯಲ್ಲಿ ಮುಗಿಲಾಯಿ ಬಂದಳೆಂದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆಯುತ್ತಿದ್ದೆ. ‘ಆಯಿಗೆ ಕಾರ್ಟೂನ್ ಅಂದ್ರ ತಲಿ ನೋಯ್ತದ, ಆವಾಜ ಸಣ್ಣದ ಮಾಡ್ರಿ’ ಎಂದು ನಿಮ್ಮವ್ವ ನಿಮಗೆ ಹೇಳುತ್ತಿದ್ದಳು. ನನಗೆ ತಲೆನೋವೇನೂ ಇರಲಿಲ್ಲ. ಆ ಮುದುಕಿಯ ಬಾಯಿಂದ ಬರುವ ದನಿ ಕೇಳಲಿಕ್ಕೆ ಆಗುತ್ತಿರಲಿಲ್ಲ, ಅಷ್ಟೇ. ದನಿ ನಮ್ಮ ಓಣಿಯದು. ಅದು ಕರೆಯುತ್ತಿದ್ದ ಹೆಸರು ನನ್ನ ಮನೆಯದು.

ಆ ದನಿಯ ಹೆಣ್ಣುಮಗಳು ಹೋದ ಶ್ರಾವಣದಲ್ಲಿ ತೀರಿಕೊಂಡಳು. ನೀವು ಮೊಮ್ಮಕ್ಕಳು, ಅಕ್ಕ ತಮ್ಮ ಕೂಡಿ, ಔರಾದದಿಂದ ಫೋನ್ ಮಾಡಿ, ‘ಆಯಿ, ಮುಗಿಲಾಯಿ ಸತ್ತಾಳಂತ. ಮತ್ತ ಇವತ್ತ ಟಿ.ವಿ.ದಾಗ ಹ್ಯಾಂಗ ಬಂದ್ಳು?’ ಎಂದು ಕೇಳಿದಿರಿ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆಕೆ ಎಂಥವಳಿದ್ದಳು ಎಂದು ನನಗಿಂತ ಚಲೋ ಯಾರೂ ಹೇಳಲಾರರು. ಪ್ರೀತಿಯವರು ಒಂದೊಂದು ಸಲ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹೊಟ್ಟೆಕಿಚ್ಚಿನವರು ಮುಚ್ಚುವುದಿಲ್ಲ. ಆಕೆಯ ಸೆರಗಿನ ಗಂಟು ಸಹಿತ ನಾನು ನೋಡಿಟ್ಟುಕೊಂಡಿದ್ದೇನೆ.

ಆಕೆಯ ಮನೆ ಭಾಲ್ಕಿಯಲ್ಲಿ ನಮ್ಮ ಮನೆಯ ಎದುರಿಗೇ. ತವರು ಮೆಹಕರ. ಗಂಡ ಬಹಳ ಹಿಂದೆಯೇ ಇನ್ನೊಬ್ಬಳನ್ನು ಕಟ್ಟಿಕೊಂಡು ಗಡಿಯಾಚೆ ಹೋಗಿದ್ದ. ಆಕೆ ಅತ್ತದ್ದನ್ನು ಓಣಿಯಲ್ಲಿ ಯಾರೂ ನೋಡಿಲ್ಲ. ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಕಸ ಹೊಡೆಯುವುದು, ನೀರು ತುಂಬುವುದು ಇದ್ದೇ ಇತ್ತು. ಆದರೆ ಆಕೆಯ ಖರೇ ಕೆಲಸವೆಂದರೆ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು, ಪಾಳಿ ಬಂದವರ ಹೆಸರು ಕರೆಯುವುದು. ಎಲ್ಲರೂ ದವಾಖಾನಿ ಅಕ್ಕ ಎನ್ನುತ್ತಿದ್ದರು. ನಾನು ಬರೀ ಅಕ್ಕ ಎನ್ನುತ್ತಿದ್ದೆ. ಆಕೆ ನನಗೆ ವೈನಿ ಎನ್ನುತ್ತಿದ್ದಳು, ಅಂದರೆ ಅಣ್ಣನ ಹೆಂಡತಿ. ನಿಮ್ಮ ಮುತ್ಯಾ, ಅಂದರೆ ನನ್ನ ಮನೆಯವರು, ಓಣಿಯ ಸಲಿಗೆಯಲ್ಲಿ ಆಕೆಗೆ ಅಣ್ಣ.

ಎಡಗೈ ಬಾಗಿಲ ಚೌಕಟ್ಟಿಗೆ ಊರಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗದ್ದ ಮೇಲೆತ್ತಿ ಕರೆಯುತ್ತಿದ್ದಳು. ಹೆಸರಿನ ಕೊನೆಯನ್ನು ಜರಾ ಎಳೆಯುತ್ತಿದ್ದಳು. ಸೂಜಿಗೆ ಹೆದರಿ ಅವ್ವನ ಬೆನ್ನಿಗೆ ಅಂಟಿಕೊಂಡ ಕೂಸಿನ ಹೆಸರನ್ನು, ಒಳಗೆ ಪೇಢೆ ಹಂಚುತ್ತಿದ್ದಾರೇನೋ ಅನ್ನುವ ಹಾಗೆ ಕರೆಯುತ್ತಿದ್ದಳು. ಡಾಕ್ಟರು ಕೆಟ್ಟ ಸುದ್ದಿ ಹೇಳಲಿರುವವರ ಹೆಸರನ್ನು ಕರೆಯುತ್ತಲೇ ಇರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟುತ್ತಿದ್ದಳು. ಕುಳಿತಲ್ಲೇ ತೂಕಡಿಸುವ ಮುದುಕರಿಗೆ, ‘ಏಳಪಾ, ನಿನ್ನ ಹೆಸರಿಗೇ ನಿದ್ದಿ ಬಂದದ’ ಎಂದು ನಗಿಸಿ ಎಬ್ಬಿಸುತ್ತಿದ್ದಳು. ಸಂತೆಗೆ ಹೋದರೆ ಡಾಬಕಾದವರು, ಮೆಹಕರದವರು, ಯಾವ್ಯಾವುದೋ ತಾಂಡಾದವರು ಆಕೆಗೆ ಕೈ ಮುಗಿಯುತ್ತಿದ್ದರು. ಆಕೆ ಪ್ರತಿಯೊಬ್ಬರನ್ನೂ ಹೆಸರು ಹಿಡಿದೇ ಮಾತಾಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಲ್ಲುತ್ತಿದ್ದೆ.

ನಮ್ಮ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇದನ್ನು ನಿಮಗೆ ಹೇಳಿದರೆ ನಗುತ್ತೀರಿ. ಮದುವೆ ಮುಂಜಿವೆಗಳಲ್ಲಿ ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳಿ ಒಳಗ ಬಾ’ ಎಂದು ಕಾಡಿದರೆ, ಒಂದು ಹಾಡಿನ ಸಾಲಿನೊಳಗೆ ಆ ಹೆಸರನ್ನು ಸೇರಿಸಿ ಒಡಪು ಹೇಳಬೇಕು. ನಾನು ಅದನ್ನೂ ಹೇಳಲಿಲ್ಲ. ನನ್ನ ಮದುವೆಯಲ್ಲಿ ಬಾಗಿಲಲ್ಲಿ ನಿಂತು ನಿಂತು ಕಾಲು ನೋಯಿತು. ಕೊನೆಗೆ ನಮ್ಮತ್ತೆಗೇ ಕನಿಕರ ಬಂದು ಒಳಗೆ ಕರೆದುಕೊಂಡರು. ಮುಂದೆ ನಿಮ್ಮ ಮುತ್ಯಾನನ್ನು ಕರೆಯಬೇಕಾದರೆ ಕೆಮ್ಮುತ್ತಿದ್ದೆ, ಇಲ್ಲವೆ ತಾಟು ಬಡಿಯುತ್ತಿದ್ದೆ.

ಅಕ್ಕನಿಗೆ ಅಂಥ ತೊಡಕು ಇರಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದ ಹೆಣ್ಣುಮಕ್ಕಳು ಒಮ್ಮೆ ಆಕೆಯನ್ನೂ ಕೆಣಕಿದರು. ‘ನಿನ್ನ ಗಂಡನ ಹೆಸರು ಹೇಳು ಅಕ್ಕಾ.’

‘ಅಂವನ ಹೆಸರು ಹೇಳಿದ್ರ ಬಾಯಿ ಮುಕ್ಕಳಿಸ್ಬೇಕಾಗ್ತದ. ಬ್ಯಾರೆ ಯಾರದರ ಕೇಳ್ರಿ, ಭಾಲ್ಕಿ ತಾಲೂಕದಾಗ ಅಷ್ಟೂ ಮಂದಿ ಗಂಡಸರ ಹೆಸರು ನನಗ ಬಾಯಿಪಾಠ ಅವ.’

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತಲೇ, ಆ ಅಷ್ಟೂ ಹೆಸರುಗಳಲ್ಲಿ ನನ್ನವರದೂ ಒಂದು ಇದೆಯಲ್ಲ ಅನಿಸಿತು.

ನಿಮ್ಮ ಮುತ್ಯಾ ಅಡತಿ ಅಂಗಡಿಯಲ್ಲಿ ತೊಗರಿ, ಕಡಲೆ ತೂಗಿಸುವ ಕೆಲಸ ಮಾಡುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾಗಿ, ಪಟ್ಟಿ ಕಟ್ಟಿಸಲು ದವಾಖಾನೆಗೆ ಹೋಗಬೇಕಾಯಿತು. ಜೊತೆಗೆ ನಾನು. ಮೊದಲ ದಿನ ಬಾಗಿಲಿಗೆ ಬಂದು ಅಕ್ಕ ಅವರ ಹೆಸರು ಕರೆದಳು. ರಾವ್ ಇಲ್ಲ, ಅಣ್ಣ ಇಲ್ಲ, ಬರೀ ಹೆಸರು, ಕೊನೆಗೆ ಆ ಎಳೆತ. ಮನೆಯಲ್ಲಿ ನೀರು ತಡವಾದರೆ ಸಿಡಿಯುವ ಮನುಷ್ಯ, ಸಾಲೆ ಹುಡುಗನ ಹಾಗೆ ‘ಹಾಂ’ ಎಂದು ಎದ್ದು ನಿಂತರು. ಮುಖ ಅರಳಿತ್ತು. ನಾನು ಅವರ ಚಪ್ಪಲಿ ಹಿಡಿದುಕೊಂಡು ಹಿಂದೆ ಹೋದೆ.

ಮನೆಗೆ ಬಂದ ಮೇಲೆ ಕೇಳಿದೆ. ‘ಅಷ್ಟು ಮಂದ್ಯಾಗ ಹಂಗ ಬರೇ ಹೆಸರು ಹಿಡದು ಒದರ್ತಾಳಲ್ರಿ, ನಿಮಗೇನೂ ಅನಸೂದಿಲ್ಲೇನ್ರಿ?’

‘ಆಕಿ ಡ್ಯೂಟಿ ಮ್ಯಾಲ ಇರ್ತಾಳ. ಓಣ್ಯಾಗ ಅಣ್ಣಾ ಅಂತಾಳಲ್ಲ, ಬಿಡು.’

‘ಅಣ್ಣಾ ಅಂದಾಗ ನೀವು ಇಷ್ಟು ಲಗೂ ಏಳಾಂಗಿಲ್ಲ.’

ಅವರು ನಕ್ಕರು. ‘ನೀ ಒಮ್ಮಿ ಕರದು ನೋಡು, ಅದಕ್ಕಿಂತ ಲಗೂ ಏಳ್ತೇನಿ.’

ನಾನು ಒಳಗೆ ಹೋಗಿ ಹಿಟ್ಟು ನಾದಿದೆ. ಅವರು ತೀರಿಕೊಂಡ ಮೇಲೆ ಆ ಬಾಗಿಲಲ್ಲಿ ಆ ಹೆಸರು ಕರೆಯುವುದು ನಿಂತಿತು. ಆಗ ನನಗೆ ಒಂದು ಆಸೆ ಹುಟ್ಟಿತು. ಅಕ್ಕ ಇನ್ನೊಮ್ಮೆ ಹಾಗೆ ಕರೆಯಲಿ, ನಾನು ಕೇಳಲಿ. ಆಕೆಯನ್ನು ಕಂಡರೆ ಆಗದವಳಿಗೆ ಇಂಥ ಆಸೆ. ಯಾರ ಮುಂದೆ ಹೇಳಲಿ?

ಮರುವರ್ಷ ನಿಮ್ಮಿಬ್ಬರಲ್ಲಿ ಸಣ್ಣವ, ನಮ್ಮ ಮಾಲಕ ಹುಟ್ಟಿದ. ಮುತ್ಯಾನ ಹೆಸರನ್ನೇ ಇಟ್ಟರು. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಗಂಡನ ಹೆಸರು ಹೇಳದ ಬಾಯಿ ಮೊಮ್ಮಗನ ಹೆಸರನ್ನು ಹೇಗೆ ಹೇಳೀತು? ಅದಕ್ಕೇ ಮಾಲಕ ಎಂದೆ. ರಾಜಾ ಎಂದೆ, ಚಿನ್ಯಾ ಎಂದೆ. ಅವನು ಸಣ್ಣವನಿದ್ದಾಗ ಎಲ್ಲದಕ್ಕೂ ಓಗೊಡುತ್ತಿದ್ದ.

ಈಗ ಕಾರ್ಟೂನಿನ ಮಾತಿಗೆ ಬರುತ್ತೇನೆ. ನಿಮ್ಮ ಅತ್ತೆ, ಅಂದರೆ ನನ್ನ ಜೊತೆಗಿರುವ ನನ್ನ ಮಗಳ ಗೆಳತಿ ಶಾಹೀನ್ ನಿಮಗೆ ಗೊತ್ತು. ಬೀದರಿನಲ್ಲಿ ಇಬ್ಬರೂ ಕೂಡಿ ಓದಿದವರು. ನಿಮ್ಮತ್ತೆ ಸಾಲೆಯಲ್ಲಿ ಟೀಚರಾದಳು, ಶಾಹೀನ್ ಚಿತ್ರ ಬರೆಯುವವಳಾದಳು. ಬೀದರಿನ ಹಳೇ ಊರಲ್ಲಿ ಒಂದು ಅಂಗಡಿಯ ಮಾಳಿಗೆ ಮೇಲೆ ಆಕೆ ಮತ್ತು ಆಕೆಯ ಜೊತೆಯವರು ಕಂಪ್ಯೂಟರ್ ಇಟ್ಟುಕೊಂಡು ಟಿ.ವಿ.ಗೆ ಕಾರ್ಟೂನ್ ಮಾಡುತ್ತಾರೆ. ಬೀದರಿನ ನೆಲದಡಿಯ ಸುರಂಗ ಬಾವಿಗಳಲ್ಲಿ ಒಂದು ಬೇರೆಯೇ ಲೋಕ ಇದೆ, ಒಬ್ಬ ಹುಡುಗ ಪ್ರತಿ ಕಂತಿನಲ್ಲೂ ಒಂದೊಂದು ಬಾವಿಗೆ ಇಳಿದು ಅದನ್ನು ನೋಡಿ ಬರುತ್ತಾನೆ ಎಂದು ಕಥೆ. ಆ ಹುಡುಗನ ಹೆಸರೂ ನಿಮ್ಮ ಮುತ್ಯಾನ ಹೆಸರೇ. ಈ ಸೀಮೆಯಲ್ಲಿ ಮನೆಗೊಬ್ಬ ಆ ಹೆಸರಿನವ ಇದ್ದಾನೆ, ಶಾಹೀನ್ ಅದಕ್ಕೇ ಅದನ್ನು ಇಟ್ಟಳಂತೆ.

ಒಂದು ಭಾನುವಾರ ಶಾಹೀನ್ ನಮ್ಮ ಮನೆಗೆ ಬಂದಾಗ ನಾನು ಮಾಲಕನಿಗೆ ಒಂದು ಕಥೆ ಹೇಳುತ್ತಿದ್ದೆ. ಡಾಬಕಾದ ನನ್ನ ತವರಲ್ಲಿ ಕುರಿ ಸಾಕುತ್ತಿದ್ದರು. ಮುಗಿಲೊಳಗೆ ಒಬ್ಬ ಮುದುಕಿ ಇದ್ದಾಳೆ, ಮೋಡಗಳೆಲ್ಲ ಆಕೆಯ ಕುರಿ, ಆಕೆ ಉಣ್ಣೆ ಕತ್ತರಿಸಿದರೆ ಮಳೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಶಾಹೀನ್ ಚಹಾ ಆರಿಸಿಕೊಂಡು ಕೇಳುತ್ತ ಕುಳಿತಳು.

‘ಆಯಿ, ಇದು ನನಗ ಬೇಕರಿ. ಮುಗಿಲಾಯಿ ಅಂತ ಒಂದು ಎಪಿಸೋಡ್ ಮಾಡ್ತೇವಿ. ಮಾತೂ ನೀವೇ ಆಡ್ಬೇಕು, ಬಿಲ್ಕುಲ್ ಇದೇ ಆವಾಜದಾಗ.’

ಒಲ್ಲೆ ಎಂದೆ. ಎರಡು ಹಬ್ಬ ಕಳೆಯುವ ತನಕ ಒಲ್ಲೆ ಎಂದೆ. ಒಳಗೊಳಗೆ ನನಗೆ ಎಷ್ಟು ಹುಮ್ಮಸ್ಸೆಂದರೆ, ದನಿ ಕೆಡಬಾರದೆಂದು ಉಪ್ಪಿನಕಾಯಿ ಬಿಟ್ಟಿದ್ದೆ. ಕೊನೆಗೆ ಒಪ್ಪಿದೆ. ನಿಮ್ಮತ್ತೆಯ ಜೊತೆ ಬೀದರಿಗೆ ಹೊರಟಾಗ, ಧೈರ್ಯಕ್ಕೆ ಇರಲಿ ಎಂದು ಅಕ್ಕನನ್ನೂ ಕರೆದೆ. ನಾನೇ ಕರೆದೆ! ಆಗ ಆಕೆ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿದ್ದಳು.

ಆ ಕೋಣೆಯ ಗೋಡೆಗಳಿಗೆಲ್ಲ ಹಳೇ ಕೌದಿಗಳನ್ನು ತೂಗುಹಾಕಿದ್ದರು, ಹೊರಗಿನ ಆಟೋ, ಸೈಕಲ್ಲುಗಳ ಸಪ್ಪಳ ಬರಬಾರದೆಂದು. ಫ್ಯಾನು ಬಂದ್. ಚಿತ್ರಗಳು ಇನ್ನೂ ಇರಲಿಲ್ಲ. ನಾನು ಚಿತ್ರ ನೋಡಿಕೊಂಡು ಮಾತಾಡಬೇಕೆಂದು ತಿಳಿದಿದ್ದೆ. ಶಾಹೀನ್ ಹೇಳಿದಳು, ‘ಮೊದಲು ನಿಮ್ಮ ದನಿ, ಆಮ್ಯಾಲ ನಮ್ಮ ಚಿತ್ರ. ನೀವು ಹ್ಯಾಂಗ ಉಸುರು ತಗೋತೀರಿ ಹಂಗ ನಾವು ಬಾಯಿ ಬರೀತೇವಿ.’

ಕಥೆಯನ್ನು ಅವರು ಬೆಳೆಸಿದ್ದರು. ಹುಡುಗ ಬಾವಿಗೆ ಇಳಿದರೆ ಕೆಳಗೆ ನೀರಿಲ್ಲ, ಮುಗಿಲಿದೆ. ಮುಗಿಲಾಯಿಯ ಮೋಡದ ಕುರಿಗಳ ನಡುವೆ ಆಡುತ್ತ ಆಡುತ್ತ ಅವನ ಕಾಲು ಮಂಜಾಗುತ್ತದೆ, ಕೈ ಮಂಜಾಗುತ್ತದೆ. ಅಲ್ಲಿ ಯಾರನ್ನು ಹೆಸರು ಹಿಡಿದು ಕರೆಯುವವರಿಲ್ಲವೋ ಅವರು ಮೋಡವಾಗಿಬಿಡುತ್ತಾರೆ. ಹಿಂಡಿನಲ್ಲಿರುವ ಕುರಿಗಳೆಲ್ಲ ಹಾಗೆ ಆದವರೇ. ಹುಡುಗ ಪೂರ್ತಿ ಕರಗುವ ಹೊತ್ತಿಗೆ ಮುಗಿಲಾಯಿ ಅವನ ಹೆಸರು ಕರೆಯುತ್ತಾಳೆ. ಆ ಒಂದು ಕರೆಗೆ ಅವನು ಮತ್ತೆ ಹುಡುಗನಾಗುತ್ತಾನೆ.

ಬೇರೆ ಮಾತುಗಳನ್ನೆಲ್ಲ ಹೇಳಿದೆ. ಚಲೋ ಹೇಳಿದೆ ಎಂದು ಅವರೇ ಅಂದರು. ಹೆಸರು ಬಂತು. ನನ್ನ ಬಾಯಿ ತೆರೆಯಿತು, ದನಿ ಬರಲಿಲ್ಲ.

‘ಇನ್ನೊಮ್ಮಿ ನೋಡೂನ್ರಿ ಆಯಿ.’

ಇನ್ನೊಮ್ಮೆಯೂ ಇಲ್ಲ. ನೀರು ಕೊಟ್ಟರು, ಕುಡಿದೆ. ನಿಮ್ಮತ್ತೆ ಶಾಹೀನಳ ಕಿವಿಯಲ್ಲಿ ಕಾರಣ ಹೇಳಿದಳು.

‘ಹೌದ್ರಿ? ಹಂಗಾದ್ರ ಮೊಮ್ಮಗಗ ಹ್ಯಾಂಗ ಕರೀತೀರೋ ಹಂಗ ಕರೀರಿ.’

‘ಅಂವಗ ಮಾಲಕ ಅಂತೇನಿ’ ಎಂದೆ.

‘ಈ ಕಾರ್ಟೂನಿನ ಪೋರನ ಹೆಸರು ಬದಲಿ ಮಾಡ್ರಿ’ ಎಂದು ನಿಮ್ಮತ್ತೆ ನನ್ನ ಪರವಾಗಿ ಕೇಳಿದಳು. ಅದು ಆಗುವ ಹಾಗಿರಲಿಲ್ಲ. ಆ ಹೆಸರಿನಿಂದಲೇ ಎಷ್ಟೋ ಕಂತುಗಳು ಆಗಲೇ ಟಿ.ವಿ.ಯಲ್ಲಿ ಬಂದುಹೋಗಿದ್ದವು. ಕೌದಿಗಳ ನಡುವೆ ಸೆಕೆಯೋ ಸೆಕೆ.

ಮೂಲೆಯಲ್ಲಿ ಕುಳಿತು ಅಡಕೆ ಕತ್ತರಿಸುತ್ತಿದ್ದ ಅಕ್ಕ ಎದ್ದಳು. ‘ವೈನಿಗೆ ನಾ ಕರದು ತೋರಿಸ್ಲೇನು? ಕೇಳಿ ಕೇಳಿ ಬಾಯಿ ಸಡಲಾಗ್ತದ’ ಎಂದಳು. ಎಡಗೈಯನ್ನು ಗೋಡೆಗೆ ಊರಿ, ಗದ್ದ ಮೇಲೆತ್ತಿ ಕರೆದಳು.

ಅದೇ ಕರೆ. ದವಾಖಾನೆಯ ಬಾಗಿಲಲ್ಲಿ ಕರೆಯುತ್ತಿದ್ದದ್ದು. ನಾನು ಪಕ್ಕಕ್ಕೆ ತಿರುಗಿ ನೋಡಿದೆ, ಅವರು ಎದ್ದರೇನೋ ಎಂದು. ಅಲ್ಲಿ ಒಂದು ಖಾಲಿ ಖುರ್ಚಿ ಇತ್ತು. ಶಾಹೀನ್ ನನ್ನ ಮುಖ ನೋಡಲಿಲ್ಲ. ಮುಗಿಲಾಯಿ ನನ್ನ ಕೈತಪ್ಪಿದಳೆಂದು ಆಗಲೇ ನನಗೆ ತಿಳಿಯಿತು.

ಅಕ್ಕ ತಾನಾಗಿ ಕೇಳಲಿಲ್ಲ, ಅದನ್ನು ಹೇಳಲೇಬೇಕು. ‘ವೈನಿ ಹೂಂ ಅಂದ್ರ ಮಾತಾಡ್ತೇನಿ, ಇಲ್ಲಂದ್ರ ಅಡಕಿ ತಿಂತೇನಿ’ ಎಂದಳು. ನಾನು ಹೂಂ ಎಂದೆ. ಇನ್ನೇನು ಅನ್ನಲಿ? ಮೊದಲಿಂದ ಕೊನೆತನಕ ಎಲ್ಲ ಮಾತನ್ನೂ ಆಕೆಯೇ ಆಡಿದಳು. ನಮ್ಮಮ್ಮನ ಕಥೆ, ನನ್ನ ಗಂಡನ ಹೆಸರು, ಆಕೆಯ ಬಾಯಿ.

ಊಟದ ಹೊತ್ತಿಗೆ ಶಾಹೀನಳಿಗೆ ನನ್ನ ಬಗ್ಗೆ ಕೆಟ್ಟದೆನಿಸಿರಬೇಕು. ‘ಆಯಿ, ಕುರಿ ಒದರೂದು ನಿಮಗ ಬರ್ತದೇನ್ರಿ? ನಮ್ಮ ಹತ್ರ ಇದ್ದದ್ದು ಸರಿ ಇಲ್ಲ’ ಎಂದಳು. ಬರುತ್ತಿತ್ತು. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಹಚ್ಚುವಾಗ ನಮ್ಮ ತವರಲ್ಲಿ ಹಾಗೆ ಒದರುತ್ತಿದ್ದೆವು. ಹೆಸರಿಗೆ ತೆರೆಯದ ಬಾಯಿ ‘ಬ್ಯಾ’ ಎನ್ನಲು ಸರಳ ತೆರೆಯಿತು. ಸಣ್ಣ ಮರಿ, ದೊಡ್ಡ ಕುರಿ, ಹಸಿದದ್ದು, ಹಾದಿ ತಪ್ಪಿದ್ದು, ಎಲ್ಲ ಒದರಿದೆ. ಆ ಹಿಂಡಿನಲ್ಲಿ ಕೇಳುವ ಕುರಿಗಳೆಲ್ಲ ನಾನೇ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

‘ವೈನಿ, ಇಷ್ಟು ದಿನ ಎದುರು ಮನ್ಯಾಗ ಇದ್ದಿ, ಇದು ನಿನ್ನೊಳಗ ಅದ ಅಂತ ಗೊತ್ತೇ ಇರಲಿಲ್ಲ!’

ಆಮೇಲೆ ಆಕೆ ಎಷ್ಟೋ ಸಲ ಬೀದರಿಗೆ ಹೋಗಿಬಂದಳು. ಆಕೆಯನ್ನು ಎದುರು ಕೂಡಿಸಿಕೊಂಡು, ಮಾತಾಡುವುದನ್ನು ನೋಡಿ ಮುಗಿಲಾಯಿಯ ಮುಖ ಬರೆದರು. ಮುಂದಿನ ಹಲ್ಲಿನ ಸಂದು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಗದ್ದ ಮೇಲೆತ್ತುವುದು, ಎಲ್ಲ ಬಂತು. ಬಾಗಿಲ ಚೌಕಟ್ಟಿನ ಬದಲು ಒಂದು ಸಿಡಿಲಿನ ಕೋಲು ಕೊಟ್ಟರು. ಬಂದು ನನಗೆ ಹೇಳುತ್ತಿದ್ದಳು, ‘ಒಂದು ಸಲ ರೆಪ್ಪಿ ಬಡೀಲಿಕ್ಕ ಎಷ್ಟು ಚಿತ್ರ ತಗೀತಾವ ವೈನಿ ಆ ಪೋರಗೋಳು! ನನಗ ಗೊತ್ತಿದ್ರ ಕಣ್ಣೇ ಬಡೀತಿರಲಿಲ್ಲ.’ ನಾನು ‘ಹೌದೇನು’ ಎಂದು ಕಡಲೆ ಆರಿಸುತ್ತಿದ್ದೆ.

ಆ ಕಂತು ಬಂದ ದಿನ ಓಣಿಯವರೆಲ್ಲ ನಮ್ಮ ಮನೆಯಲ್ಲೇ ಸೇರಿದರು, ನಮ್ಮ ಟಿ.ವಿ. ದೊಡ್ಡದೆಂದು. ಚಹಾ ಮಾಡಿಕೊಟ್ಟವಳು ನಾನು. ಹೆಸರಿನ ಕರೆ ಬಂದಾಗ ಗಂಡಸರೂ ಕಣ್ಣು ಒರೆಸಿಕೊಂಡರು. ಮುಗಿದ ಮೇಲೆ ಪಕ್ಕದ ಮನೆಯವಳು ಕೇಳಿದಳು, ‘ವೈನಿ, ನೀವೂ ಅದರಾಗ ಅದೀರಂತಲ್ರಿ? ಯಾವುದ್ರಾಗ?’

‘ಕುರ್ಯಾಗ’ ಎಂದೆ.

ಇದನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆ. ಓಣಿಯ ಹೊಗಳಿಕೆ ಎಷ್ಟು ದಿನದ್ದು? ಆದರೆ ಮಾಲಕ ಮಂಚದ ಮೇಲಿಂದ ಇಳಿದು ಬಂದು ನನ್ನ ಸೆರಗು ಹಿಡಿದ.

‘ಆಯಿ, ನನ್ನ ಹೆಸರು ನೀ ಯಾಕ ಕರಿಯಾಂಗಿಲ್ಲ? ನಾನೂ ಮೋಡ ಆಗ್ತೇನೇನು?’

‘ಇಲ್ಲೋ ರಾಜಾ, ಅದು ಕಥಿ.’

‘ರಾಜಾ ಅನಬ್ಯಾಡ. ಹೆಸರು ಕರಿ.’

ನಾನು ಅವನನ್ನು ಎತ್ತಿಕೊಳ್ಳಲು ಹೋದೆ. ಅವನು ಅಕ್ಕನ ಹತ್ತಿರ ಓಡಿದ. ಆಕೆ ಕರೆದಳು. ಅವನು ಕೈ ನೋಡಿಕೊಂಡ, ಕಾಲು ನೋಡಿಕೊಂಡ, ಎಲ್ಲ ಸರಿ ಇದೆ ಎಂದು ನಕ್ಕ.

ಅಂದಿನಿಂದ ನೀವು ಔರಾದದಿಂದ ಬಂದಿರೆಂದರೆ, ಬಸ್ಸಿಳಿದು ಮನೆ ಮುಟ್ಟುವ ಮೊದಲೇ ಅವನು ಎದುರು ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಆಕೆ ಕರೆಯುವ ತನಕ ಕದಲುತ್ತಿರಲಿಲ್ಲ. ನಾನು ಅವನಿಗೆಂದು ಮಾಡಿಟ್ಟ ಹುರಕ್ಕಿ ಹೋಳಿಗೆ ಆರಿ ಹೋಗುತ್ತಿತ್ತು. ನಾನು ‘ಮಾಲಕಾ’ ಎಂದು ನಮ್ಮ ಕಟ್ಟೆಯಿಂದ ಕೂಗಿದರೆ ತಿರುಗಿಯೂ ನೋಡುತ್ತಿರ‍ಲಿಲ್ಲ. ಗಂಡನೂ ಆಕೆಯ ಕರೆಗೆ ಎದ್ದ. ಈಗ ಮೊಮ್ಮಗನೂ.

ಒಂದು ದಿನ ತಡೆಯಲಾರದೆ ಆಕೆಯ ಹೊಸ್ತಿಲಲ್ಲಿ ನಿಂತು ಹೇಳಿದೆ. ‘ಅಕ್ಕಾ, ನಾಳಿಂದ ಅವನ್ನ ಹೆಸರು ಹಿಡದು ಕರೀಬ್ಯಾಡ.’

ಆಕೆ ಅಕ್ಕಿ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ. ‘ಮತ್ತ ಯಾರು ಕರೀಬೇಕು?’

‘ಅವರವ್ವ ಅಪ್ಪ ಅದಾರ.’

‘ಅವರು ಕರದದ್ದು ಅಂವಗ ಸಾಲೂದಿಲ್ಲ. ಅಂವಗ ಆಯಿ ಕರೀಬೇಕು. ಟಿ.ವಿ.ದಾಗ ಆಯಿನೇ ಕರೀತಾಳ. ನೀ ಕರಿ ವೈನಿ, ನಾ ಇವತ್ತೇ ಬಾಯಿ ಮುಚ್ತೇನಿ.’

ನಾನು ಹಿಂದಿರುಗಿ ಬಂದೆ. ಆಕೆಯ ಮಾತಿನಲ್ಲಿ ಕೊಂಕು ಇದ್ದಿದ್ದರೆ ಚಲೋ ಆಗುತ್ತಿತ್ತು. ಇರಲಿಲ್ಲ.

ಆಮೇಲೆ ಆಕೆಗೆ ಉಸಿರಿನ ತೊಂದರೆ ಸುರುವಾಯಿತು. ಮೆಹಕರದಿಂದ ಅಣ್ಣನ ಮಗ ಬರುತ್ತಿದ್ದ, ಹೋಗುತ್ತಿದ್ದ. ಒಂದು ದಿನ ಅವನು ಬರಲಾಗದೆ, ಬೀದರಿನ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ದೊಡ್ಡ ಕೋಣೆ, ಸಾಲು ಖುರ್ಚಿ. ಒಂದು ಸಣ್ಣ ಪೋರಿ ಮೈಕಿನಲ್ಲಿ ಹೆಸರು ಕರೆಯುತ್ತಿದ್ದಳು. ಅಕ್ಕ ಪ್ರತಿ ಹೆಸರಿಗೂ ಮುಖ ಸಿಂಡರಿಸುತ್ತಿದ್ದಳು. ‘ಉಪ್ಪಿಲ್ಲ, ಖಾರಿಲ್ಲ. ಹಿಂಗ ಕರದ್ರ ಯಾಂವ ಎದ್ದು ಬಂದಾನು?’

ಆ ಪೋರಿ ಒಂದು ಹೆಸರು ಕರೆದಳು. ಯಾರೂ ಏಳಲಿಲ್ಲ. ಮತ್ತೆ ಕರೆದಳು. ಅಕ್ಕನೂ ಎಲ್ಲರ ಹಾಗೆ ಆಚೀಚೆ ನೋಡಿದಳು. ನಾನು ಕೈಯಲ್ಲಿದ್ದ ಚೀಟಿ ನೋಡಿದೆ. ಅದು ಆಕೆಯ ಹೆಸರೇ. ಎದುರು ಮನೆಯಲ್ಲಿ ಒಂದು ಜನ್ಮ ಕಳೆದಿದ್ದೇನೆ, ಆ ಹೆಸರನ್ನು ನಾನು ಒಮ್ಮೆಯೂ ಕರೆದಿರಲಿಲ್ಲ, ಬೇರೆಯವರು ಕರೆದದ್ದನ್ನು ಕೇಳಿರಲೂ ಇಲ್ಲ. ಎಲ್ಲರಿಗೂ ಆಕೆ ಅಕ್ಕ.

‘ನಿನ್ನನ್ನೇ ಕರೀಲತ್ತಾರ’ ಎಂದೆ. ಉಸಿರಿನ ಗದ್ದಲದಲ್ಲಿ ಆಕೆಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಪೋರಿ ಮುಂದಿನ ಹೆಸರಿಗೆ ಹೋಗುವುದರಲ್ಲಿದ್ದಳು. ಪಾಳಿ ತಪ್ಪಿದರೆ ಆಕೆಯನ್ನು ಸಂಜೆತನಕ ಕೂಡಿಸಬೇಕಾಗುತ್ತಿತ್ತು. ನಾನು ಎದ್ದು ನಿಂತು, ಆಕೆಯ ಮುಖ ನೋಡುತ್ತ, ಆಕೆಯ ಹೆಸರನ್ನು ಕೂಗಿದೆ. ಇಡೀ ಕೋಣೆ ನನ್ನ ಕಡೆ ತಿರುಗಿತು. ಆಕೆ ಬೆಚ್ಚಿ, ‘ಓ’ ಎಂದು ಎದ್ದು ನಿಂತಳು. ಮುಖ ಅರಳಿತ್ತು.

ಬಸ್ಸಿನಲ್ಲಿ ಮರಳುವಾಗ, ಖಾನಾಪುರ ದಾಟಿದ ಮೇಲೆ ಹೇಳಿದಳು. ‘ವೈನಿ, ಅದು ನನ್ನ ಹೆಸರಂತ ನನಗೇ ಮರತಿತ್ತು ನೋಡು. ನಮ್ಮವ್ವ ಹೋದ ಮ್ಯಾಲ ಯಾರೂ ಕರದಿಲ್ಲ.’ ಇನ್ನೊಂದಿಷ್ಟು ದೂರ ಹೋದ ಮೇಲೆ, ‘ಬರೋಬರಿ ಕರದಿ. ಕಡೀಗಿ ಜರಾ ಎಳೀಬೇಕು, ಅಷ್ಟೇ’ ಎಂದಳು. ಆಗಲೂ ನನಗೆ ಸಿಟ್ಟು ಬಂತು. ಅಲ್ಲಿಯೂ ಆಕೆಯೇ ಕಲಿಸುವವಳು.

ಮರುದಿನ ಬೆಳಿಗ್ಗೆ ಕಸ ಹೊಡೆಯಲು ಬಾಗಿಲು ತೆಗೆದಾಗ, ಎದುರು ಮನೆಯ ಕಿಟಕಿಯಿಂದ ಆಕೆ, ‘ಕರಿ ನೋಡೂನು’ ಎಂದಳು. ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಕರೆದೆ. ‘ಓ’ ಎಂದಳು. ಅದೇ ರೂಢಿಯಾಯಿತು. ದಿನಾ ಬಾಗಿಲು ತೆಗೆದು ಕರೆಯುವುದು, ಆಕೆ ಹಾಸಿಗೆಯಿಂದಲೇ ಓ ಎನ್ನುವುದು. ಬರಬರುತ್ತ ಯಾರು ಇದ್ದಾರೆ, ಇಲ್ಲ ಎಂದು ನೋಡುವುದನ್ನೂ ಬಿಟ್ಟೆ. ಕೊನೆಯನ್ನು ಎಳೆಯುವುದೂ ಬಂತು. ಶ್ರಾವಣದ ಒಂದು ಬೆಳಿಗ್ಗೆ ಕರೆದೆ, ಓ ಬರಲಿಲ್ಲ. ಜೋರಾಗಿ ಕರೆದೆ. ಕಸಬರಿಗೆ ಅಲ್ಲೇ ಬಿಟ್ಟು ಓಡಿದೆ.

ಮಣ್ಣು ಕೊಟ್ಟು ಬಂದ ಮೇಲೂ ಬೆಳಿಗ್ಗೆ ಬಾಗಿಲು ತೆಗೆದರೆ ಆ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು. ನಾನು ಬಾಯಿಬಿಟ್ಟು ಕರೆಯಲು ಕಲಿತದ್ದು ಒಂದೇ ಒಂದು ಹೆಸರು, ಅದಕ್ಕೆ ಓ ಎನ್ನುವವರಿಲ್ಲ. ಟಿ.ವಿ.ಯಲ್ಲಿ ಮಾತ್ರ ಆ ಕಂತು ಮತ್ತೆ ಮತ್ತೆ ಬರುತ್ತಿತ್ತು, ಆಕೆ ನನ್ನ ಮನೆಯ ಹೆಸರನ್ನು ಕರೆಯುತ್ತಲೇ ಇದ್ದಳು. ಸತ್ತ ಮೇಲೂ ಆಕೆಯದೇ ಮೇಲುಗೈ.

ದೀಪಾವಳಿ ಮುಂದೆ ನಿಮ್ಮ ತಂಗಿ ಹುಟ್ಟಿದಳಲ್ಲ, ತೊಟ್ಟಿಲಿಗೆ ಹಾಕುವ ಹಿಂದಿನ ದಿನ ನಾನು ನಿಮ್ಮವ್ವನನ್ನು ಒಂದು ಮಾತು ಕೇಳಿದೆ. ಸೊಸೆಯ ಹತ್ತಿರ ನಾನು ಏನನ್ನೂ ಕೇಳಿದವಳಲ್ಲ. ಆ ಹೆಸರು ಕೇಳಿ ಆಕೆ ಗಾಬರಿಯಾದಳು.

‘ಅತ್ತಿ, ಅದು ಭಾಳ ಹಳೀ ಹೆಸರಾತಲ್ರಿ. ಸಾಲ್ಯಾಗ ಪೋರಗೋಳು ನಗ್ತಾವ್ರಿ.’

‘ಸಾಲಿಗೆ ನಿನ್ನ ಮನಸಿಗೆ ಬಂದದ್ದು ಇಡವ್ವ. ಇದು ತೊಟ್ಟಲದಾಗ ಇರ್ಲಿ. ನಾ ಒಬ್ಬಾಕಿ ಕರೀತೇನಿ.’

ನಿಮ್ಮತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಎರಡೂ ಹೆಸರು ಹೇಳಿದಳು. ಪದ್ಧತಿಯಂತೆ ಹೆಣ್ಣುಮಕ್ಕಳು ಆಕೆಯ ಬೆನ್ನಿಗೆ ಗುದ್ದಿ ನಕ್ಕರು. ಅಕ್ಕನ ಹೆಸರನ್ನು ಇಡಿಸಿ ವೈನಿ ಪುಣ್ಯ ಕಟ್ಟಿಕೊಂಡಳು ಎಂದು ಓಣಿಯವರು ಹೇಳುತ್ತಾರೆ. ಪುಣ್ಯ ಗಿಣ್ಯ ಏನಿಲ್ಲ. ನನ್ನ ಮೊಮ್ಮಕ್ಕಳಲ್ಲಿ ಒಬ್ಬರನ್ನಾದರೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಾನು ಕರೆಯಬೇಕಾಗಿತ್ತು.

ಈಗ ಹೊಟ್ಟೆಕಿಚ್ಚು ಮಾಲಕನಿಗೆ. ತೊಟ್ಟಿಲ ಮುಂದೆ ನಿಂತು ನಾನು ಕರೆದಾಗೆಲ್ಲ ದೂರ ನಿಂತು ಉಗುರು ಕಚ್ಚುತ್ತಾನೆ. ‘ಆಕೀದು ಬರ್ತದ, ನಂದು ಬರಾಂಗಿಲ್ಲ’ ಎಂದು ಅವರವ್ವನ ಹತ್ತಿರ ತಕರಾರು ಮಾಡಿದ್ದಾನಂತೆ. ನಾನು ಎಷ್ಟೋ ಸಲ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಅವನ ಹೆಸರನ್ನು ಪ್ರಯತ್ನ ಮಾಡಿ ನೋಡಿದ್ದೇನೆ. ಬಂದಿಲ್ಲ. ಬರುತ್ತದೆಂದು ನಿಮಗೆ ಸುಳ್ಳು ಹೇಳಲಾರೆ.

ಹೋದ ಭಾನುವಾರ ನೀವೆಲ್ಲ ಬಂದಿದ್ದಿರಿ. ಕೂಸು ಒಳಗೆ ಹಾಸಿಗೆಯ ಮೇಲೆ ಎಚ್ಚರವಾಗಿ ಕೈಕಾಲು ಬಡಿಯುತ್ತಿತ್ತು. ನಾನು ಹಿತ್ತಲಲ್ಲಿ ಕುಳಿತೇ, ಎಡಗೈ ಗೋಡೆಗೆ ಊರಿ, ಅದರ ಹೆಸರನ್ನು ಎಳೆದು ಕರೆದೆ. ಓಣಿಯಲ್ಲಿ ಗೋಲಿ ಆಡುತ್ತಿದ್ದ ಮಾಲಕ, ಆಟ ಬಿಟ್ಟು, ನಡುಮನೆ ದಾಟಿ ಓಡಿ ಬಂದು ನನ್ನ ಎದುರು ನಿಂತ.

‘ನಿನಗ ಕರದಿಲ್ಲೋ ಮಾಲಕಾ’ ಎಂದೆ.

‘ಗೊತ್ತದ’ ಎಂದ, ಏದುಸಿರು ಬಿಡುತ್ತ. ‘ಆಕಿಗೆ ಇನ್ನೂ ನಡೀಲಿಕ್ಕ ಬರಾಂಗಿಲ್ಲಲ್ಲ ಆಯಿ. ಅದಕ್ಕ ನಾ ಬಂದೆ.’